ಒಂಬತ್ತು ಅಬ್ರಾಮರು

ಸೋಮವಾರ ಬೆಳಿಗ್ಗೆ ಚರ್ಚಿನ ನೆಲಮಾಳಿಗೆಯ ಪುಸ್ತಕಾಲಯಕ್ಕೆ ಬಂದು ಕಂಪ್ಯೂಟರ್ ತೆರೆದ ಜಸ್ಟಿನಾ ಕ್ಲಿಪ್ಪೆನ್‌ಸ್ಟೈನ್‌ಗೆ ಒಂದು ಸುದ್ದಿ ಕಾದಿತ್ತು. ಅಬ್ರಾಮ್ ಹೀಬರ್ಟ್ ಎಂಬ ಒಬ್ಬನೇ ಮನುಷ್ಯ 1868ರಲ್ಲಿ ಹುಟ್ಟಿ, 1931ರಲ್ಲಿ ಸತ್ತು, ಸತ್ತ ಮೇಲೆ 1957ರಲ್ಲಿ ಹಂದಿ ರೋಗಗಳ ಬಗ್ಗೆ ಪುಸ್ತಕ ಬರೆದು, 1974ರಲ್ಲಿ ಟ್ರ್ಯಾಕ್ಟರ್ ರಿಪೇರಿ ಕಲಿಸಿ, 1988ರಲ್ಲಿ ಮೋಟಾರ್ ಬೈಕ್ ಹತ್ತಿ ಪೆರಗ್ವೇ ಸುತ್ತಿಕೊಂಡು ಬಂದಿದ್ದ. ಪಕ್ಕದಲ್ಲಿ ಗಡ್ಡದ ಮುದುಕನೊಬ್ಬನ ಫೋಟೋ. ಆ ಮುದುಕ ಯಾರೆಂದು ಜಸ್ಟಿನಾಗೆ ಗೊತ್ತಿಲ್ಲ. ಅಬ್ರಾಮ್ ಹೀಬರ್ಟ್ ಅಂತೂ ಅಲ್ಲ.

ಅಬ್ರಾಮ್ ಹೀಬರ್ಟರು ಒಬ್ಬರಲ್ಲ, ಒಂಬತ್ತು ಜನ. ಒಬ್ಬರಿಂದೊಬ್ಬರನ್ನು ಬಿಡಿಸಿ ಬೇರೆ ಬೇರೆ ಇಡಲು ಅವಳಿಗೆ ಹನ್ನೊಂದು ವರ್ಷ ಹಿಡಿದಿತ್ತು. ಶೋನ್‌ಬಾಕ್ ಊರಿನಲ್ಲಿ ಹೆಸರಿಗೆ ಬರ. ಮನೆತನದ ಹೆಸರು ಹದಿನೈದೋ ಇಪ್ಪತ್ತೋ ಇದ್ದಾವು, ಕರೆಯುವ ಹೆಸರು ಅದಕ್ಕೂ ಕಡಿಮೆ. ಅಪ್ಪ ಅಬ್ರಾಮ್, ಮಗ ಅಬ್ರಾಮ್, ಬೀದಿಯಾಚೆಯ ದೊಡ್ಡಪ್ಪನ ಮಗನೂ ಅಬ್ರಾಮ್. ಯಾರು ಯಾರೆಂದು ಅಂಚೆಯವನಿಗೆ ಗೊತ್ತು, ದಾದಿಗೆ ಗೊತ್ತು, ಅವರವರ ನಾಯಿಗಂತೂ ಚೆನ್ನಾಗಿಯೇ ಗೊತ್ತು. ಅಂತರ್ಜಾಲಕ್ಕೆ ಯಾರಾದರೂ ಕೂತು ಹೇಳಿಕೊಡಬೇಕು, ಹಾಗೆ ಹೇಳಿಕೊಟ್ಟವಳು ಜಸ್ಟಿನಾ.

ಪುಸ್ತಕಗಳ ಪಟ್ಟಿ ಇಡುವ ಆ ತಾಣದ ಹೆಸರು ಶೆಲ್ಫೋರಾ. ಒಂದು ಕಾಲಕ್ಕೆ ಒಳ್ಳೆಯ ಜಾಗವಾಗಿತ್ತು. ಚರ್ಚಿನ ಎರಡು ಸಾವಿರ ಚಿಲ್ಲರೆ ಪುಸ್ತಕಗಳನ್ನೂ ಅವಳು ಅಲ್ಲೇ ಏರಿಸಿದ್ದು. ಎಲ್ಲೆಲ್ಲಿಯ ಜನವೋ ಬಂದು, ಒಂದೇ ಪುಸ್ತಕದ ಬೇರೆ ಬೇರೆ ಮುದ್ರಣಗಳನ್ನು ಕೂಡಿಸುತ್ತ, ತಪ್ಪಾಗಿ ಕೂಡಿಹೋದದ್ದನ್ನು ಬಿಡಿಸುತ್ತ ಕೂರುತ್ತಿದ್ದರು. ಒಂದು ಅಲ್ಪವಿರಾಮಕ್ಕಾಗಿ ಮೂರು ದಿನ ಜಗಳವಾಡುತ್ತಿದ್ದರು. ಸಸ್ಕ್ಯಾಚುವಾನ್ ಪ್ರಾಂತ್ಯದ ಒಬ್ಬಾತ ಹಂದಿ ರೋಗದ ಅಬ್ರಾಮನ ಸಾವಿನ ವರ್ಷ ಹುಡುಕಲು ಇನ್ನೂರು ಕಿಲೋಮೀಟರ್ ಕಾರು ಓಡಿಸಿ ಸ್ಮಶಾನಕ್ಕೆ ಹೋಗಿ ಬಂದಿದ್ದ. ಅಂಥ ಜನ. ಆಮೇಲೆ ಯಾರೋ ಶೆಲ್ಫೋರಾವನ್ನು ಕೊಂಡರು. ಕೊಂಡವರಿಂದ ಇನ್ಯಾರೋ ಕೊಂಡರು. ಪುಟಗಳ ತುಂಬ ಹೃದಯದ ಚಿತ್ರ ಬಂತು, 'ನಿಮ್ಮ ಓದಿನ ಪಯಣ' ಬಂತು, ಹುಡುಕುವ ಪೆಟ್ಟಿಗೆ ಎಲ್ಲಿ ಹೋಯಿತೆಂದು ಹುಡುಕುವುದೇ ಒಂದು ಕೆಲಸವಾಯಿತು. ಸದಸ್ಯರು ಮಾತಾಡಿಕೊಳ್ಳುತ್ತಿದ್ದ ಜಗಲಿಗೆ ಬೀಗ ಬಿತ್ತು. ಸಸ್ಕ್ಯಾಚುವಾನ್‌ನವನು ಬೇಸತ್ತು ಬಿಟ್ಟುಹೋದ. ಈಗ ಕೂಡಿಸುವ ಕೆಲಸಕ್ಕೆ ಒಂದು ಯಂತ್ರವನ್ನು ಕೂರಿಸಿದ್ದರು. ಅದು ವಾರಾಂತ್ಯದಲ್ಲಿ ಒಂಬತ್ತು ಅಬ್ರಾಮರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿತ್ತು.

ಜಸ್ಟಿನಾಗೆ ಮೈಯೆಲ್ಲ ಉರಿಯಿತು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಎಪ್ಪತ್ತಾರರ ಹೆಂಗಸು ಅವಳು. ಉರಿದುಕೊಂಡರೂ ಸಾಲು ಸಾಲಾಗಿ ಓದುವ ಅಭ್ಯಾಸ. ಹಾಗೆ ಓದುತ್ತ ಕೆಳಗೆ ಬಂದಾಗ ನಿಜವಾದ ಅನಾಹುತ ಕಣ್ಣಿಗೆ ಬಿತ್ತು. 'ಹಳ್ಳದ ಜೇನು' ಇರಲಿಲ್ಲ.

ಒಂಬತ್ತರಲ್ಲಿ ಬದುಕಿರುವ ಅಬ್ರಾಮ್ ಒಬ್ಬನೇ. ಎಂಬತ್ತು ವರ್ಷ, ಮದುವೆಯಿಲ್ಲ, ಹಳ್ಳದ ದಂಡೆಯಲ್ಲಿ ಜೇನು ಸಾಕಿಕೊಂಡಿದ್ದವನು, ಈಗ ವೃದ್ಧರ ವಸತಿಯ ಎರಡನೇ ಮಹಡಿಯಲ್ಲಿದ್ದಾನೆ. ಜೀವಮಾನದಲ್ಲಿ ಬರೆದದ್ದು ಆ ಒಂದೇ ಪುಸ್ತಕ, ಅಚ್ಚು ಹಾಕಿಸಿದ್ದು ಇನ್ನೂರು ಪ್ರತಿ. ಪ್ರತಿ ಬುಧವಾರ ಊರುಗೋಲು ಕುಟ್ಟಿಕೊಂಡು ನೆಲಮಾಳಿಗೆಗೆ ಇಳಿದು ಬರುತ್ತಾನೆ. ಬಂದು ಕೇಳುವುದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಮನೇಲಿದೆ?" ಶೆಲ್ಫೋರಾದಲ್ಲಿ ಎಷ್ಟು ಜನ ತಮ್ಮ ಮನೆಯಲ್ಲಿ ಆ ಪುಸ್ತಕವಿದೆಯೆಂದು ಬರೆದುಕೊಂಡಿದ್ದಾರೋ ಆ ಸಂಖ್ಯೆ ಅವನಿಗೆ ಬೇಕು. ಹದಿನಾಲ್ಕು. ಹದಿಮೂರು ಹದಿನಾಲ್ಕಾದ ದಿನ ಅವನು ಪುಸ್ತಕಾಲಯದ ಜೊತೆಗಾತಿ ನೆಟ್ಟಾ ಮಾಡಿದ ಪ್ಲಮ್ ಹಣ್ಣಿನ ಕೇಕು ಮೂರು ತುಂಡು ತಿಂದಿದ್ದ. ಆ ಹದಿನಾಲ್ಕರಲ್ಲಿ ಒಂದು ಮನೆ ಬೊಲಿವಿಯಾದಲ್ಲಿದೆ. ಅದರ ಬಗ್ಗೆ ಅವನು ವಾರಗಟ್ಟಲೆ ಮಾತಾಡಿದ್ದ.

1868ರಲ್ಲಿ ಹುಟ್ಟಿದ ಅಬ್ರಾಮ್, ಚರ್ಚಿನ ಹಿರಿಯ ಬೋಧಕ, ಬರೆದ ಪ್ರವಚನಗಳ ಪುಸ್ತಕಕ್ಕೆ 'ಆತ್ಮದ ಜೇನು' ಎಂದು ಹೆಸರು. ಯಂತ್ರ ಎರಡು ಜೇನನ್ನೂ ನೋಡಿತು, ಇಬ್ಬರು ಅಬ್ರಾಮರನ್ನೂ ನೋಡಿತು. 'ಹಳ್ಳದ ಜೇನು' ಎಂಬುದು 'ಆತ್ಮದ ಜೇನು' ಪ್ರವಚನಗಳ ಇನ್ನೊಂದು ಮುದ್ರಣ ಎಂದು ತೀರ್ಮಾನಿಸಿ ಒಳಗೆ ನುಂಗಿಬಿಟ್ಟಿತು. ಹದಿನಾಲ್ಕು ಮನೆಗಳೂ ಬೋಧಕನ ಖಾತೆಗೆ ಸೇರಿಹೋದವು.

ಅವಳು ಸಹಾಯ ಕೇಂದ್ರಕ್ಕೆ ಬರೆದಳು. ಸಹಾಯ ಕೇಂದ್ರವೆಂದರೆ ಟಿಲ್ಲಿ, ಅದೂ ಒಂದು ಯಂತ್ರವೇ. ಟಿಲ್ಲಿ ಅರೆಕ್ಷಣದಲ್ಲಿ ಉತ್ತರಿಸಿತು: 'ಜಸ್ಟಿನಾ, ನಿಮ್ಮ ಉತ್ಸಾಹ ನಮಗೆ ಬಹಳ ಇಷ್ಟ! ಒಬ್ಬ ಲೇಖಕರ ಎಲ್ಲ ಕೃತಿಗಳೂ ಈಗ ಒಂದೇ ಕಡೆ ಸಿಗುತ್ತವೆ.' ಅವರು ಒಬ್ಬರಲ್ಲ, ಒಂಬತ್ತು ಜನ ಎಂದು ಅವಳು ಬರೆದಳು. 'ಒಂಬತ್ತು ಪುಸ್ತಕ ಓದಿದ್ದಕ್ಕೆ ಅಭಿನಂದನೆಗಳು!' ಎಂದು ಟಿಲ್ಲಿ ಒಂದು ಪದಕ ಕೊಟ್ಟಿತು. ಕೊನೆಗೆ ಒಂದು ಕೆಲಸಕ್ಕೆ ಬರುವ ಸಂಗತಿಯನ್ನೂ ಹೇಳಿತು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಲೇಖಕರ ಪುಟಗಳನ್ನು ಸದಸ್ಯರು ತಿದ್ದುವ ಸೌಲಭ್ಯ ನಿಂತುಹೋಗುತ್ತದೆ. ಆಮೇಲೆ ಹೇಗಿದೆಯೋ ಹಾಗೇ, ಶಾಶ್ವತವಾಗಿ.

ಜಸ್ಟಿನಾ ಕುರ್ಚಿ ಹಿಂದಕ್ಕೆ ತಳ್ಳಿ, ಶಾಲೆಯಲ್ಲಿ ಹುಡುಗರಿಗೆ ಎಂದೂ ಬಳಸದ ಒಂದು ಬೈಗುಳವನ್ನು ಟಿಲ್ಲಿಗೆ ಬಳಸಿದಳು. ಅತ್ತ ಮೂಲೆಯಲ್ಲಿ ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದ ನೆಟ್ಟಾ ಸವಾಟ್ಸ್ಕಿ ತಲೆಯೆತ್ತಿದಳು.

"ಚರ್ಚು ಕಣೇ ಇದು, ಜಸ್ಟಿ."

"ಚರ್ಚು ಮೇಲಿದೆ. ಇದು ನೆಲಮಾಳಿಗೆ."

ನೆಟ್ಟಾ ಅವಳ ಬಾಲ್ಯದ ಗೆಳತಿ, ಪುಸ್ತಕಾಲಯದಲ್ಲಿ ಉಳಿದಿರುವ ಏಕೈಕ ಜೊತೆ. ಕಾಫಿ ಅವಳದು, ಕೇಕು ಅವಳದು, ಅಂಟೂ ಅವಳದು. ಕಂಪ್ಯೂಟರಿಗೆ ಕೈ ಹಚ್ಚುವುದಿಲ್ಲವೆಂದು ವ್ರತ ಹಿಡಿದವಳಂತೆ ಇದ್ದಾಳೆ.

ಮಂಗಳವಾರವಿಡೀ ಜಸ್ಟಿನಾ ಒಬ್ಬೊಬ್ಬ ಅಬ್ರಾಮನನ್ನೇ ಚೀಲದಿಂದ ಎಳೆದು ತೆಗೆಯಲು ಹೆಣಗಿದಳು. ಮೊದಲೆಲ್ಲ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿದರೆ ಸಾಕಿತ್ತು. ಈಗ ಅಂಕಿ ಹಾಕಿದರೆ 'ಹೆಸರಿನಲ್ಲಿ ಅಂಕಿ ಇರುವುದಿಲ್ಲ' ಎಂದಿತು. ಹುಟ್ಟಿದ ವರ್ಷ ಹಾಕಿದರೂ ಅದೇ ಉತ್ತರ. ನಡುವಿನ ಅಕ್ಷರ ಹಾಕೋಣವೆಂದರೆ ಅದು ತಾಯಿಯ ತೌರಿನ ಹೆಸರಿನ ಮೊದಲಕ್ಷರ, ಒಂಬತ್ತರಲ್ಲಿ ಐದು ತಾಯಂದಿರು ಪೆನ್ನರ್ ಮನೆತನದವರು. 'ಹಂದಿ ವೈದ್ಯ' ಎಂದು ಸೇರಿಸಿದರೆ 'ವೃತ್ತಿಯು ಹೆಸರಲ್ಲ' ಎಂದು ಕಿತ್ತು ಹಾಕಿತು. ಊರಿನ ಹೆಸರು ಹಾಕಿದರೆ ಒಪ್ಪಿಕೊಂಡಿತು. ಆಹಾ, ಗೆದ್ದೆ ಎಂದು ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲರೂ ಮತ್ತೆ ಒಂದಾಗಿದ್ದರು. ಎಲ್ಲರೂ ಶೋನ್‌ಬಾಕ್‌ನವರೇ ತಾನೆ.

ಬುಧವಾರ ಊರುಗೋಲಿನ ಸದ್ದು ಮೆಟ್ಟಿಲ ಮೇಲೆ ಕೇಳಿಸಿದಾಗ ಅವಳು ಪರದೆಯನ್ನು ಆರಿಸಿಬಿಟ್ಟಳು.

"ಇವತ್ತು ಎಷ್ಟು ಮನೇಲಿದೆ?" ಅಬ್ರಾಮ್ ಟೋಪಿ ತೆಗೆಯುತ್ತ ಕೇಳಿದ.

"ಕಂಪ್ಯೂಟರ್ ಕೆಟ್ಟಿದೆ."

"ಪೂರ್ತಿ ಕೆಟ್ಟಿದ್ಯಾ?"

"ಪೂರ್ತಿ."

"ಸರಿ ಬಿಡು, ಮುಂದಿನ ವಾರ ನೋಡಿದ್ರಾಯ್ತು. ಆ ಹದಿನಾಲ್ಕು ಮನೆಯೋರು ಎಲ್ಲಿಗೆ ಹೋಗ್ತಾರೆ," ಎಂದು ಅವನು ಕಿಟಕಿಯ ಪಕ್ಕ ಕೂತ. ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು, ಒಂದೊಂದಾಗಿ ಸುಲಿದು ತಿನ್ನುತ್ತ, ಸಿಪ್ಪೆಯನ್ನು ಅಂಗೈಯಲ್ಲೇ ಗುಡ್ಡೆ ಮಾಡಿಕೊಂಡು ಒಂದು ಗಂಟೆ ಇದ್ದು ಹೋದ. ಅಷ್ಟು ಹೊತ್ತೂ ಜಸ್ಟಿನಾ ಆರಿದ ಪರದೆಯ ಮುಂದೆ ಕೈಕಟ್ಟಿ ಕೂತಿದ್ದಳು. ಸುಳ್ಳು ಹೇಳಿದ್ದಕ್ಕಲ್ಲ, ಅವನು ಅಷ್ಟು ಸುಲಭವಾಗಿ ನಂಬಿದ್ದಕ್ಕೆ ಅವಳಿಗೆ ಸಿಟ್ಟು ಬಂದಿತ್ತು.

ಗುರುವಾರ ಏನೂ ಆಗಲಿಲ್ಲ. ಇಡೀ ದಿನ ತಾಣವೇ ತೆರೆಯಲಿಲ್ಲ. 'ನಿಮಗಾಗಿ ಇನ್ನಷ್ಟು ಚಂದವಾಗುತ್ತಿದ್ದೇವೆ' ಎಂಬ ಬರಹದ ಕೆಳಗೆ ಒಂದು ಕಾರ್ಟೂನ್ ಗೂಬೆ ರೆಕ್ಕೆ ಬಡಿಯುತ್ತಿತ್ತು. ಹಗಲಿಡೀ ಅದು ಬಡಿಯುತ್ತಲೇ ಇತ್ತು, ಜಸ್ಟಿನಾ ನೋಡುತ್ತಲೇ ಇದ್ದಳು.

ಶುಕ್ರವಾರ ಏಳು ಗಂಟೆಗೇ ಬಂದು ಕೂತಳು. ಒಂಬತ್ತರ ಹೊತ್ತಿಗೆ ನೆಟ್ಟಾ ಬಂದು ಹಿಂದೆ ನಿಂತಳು.

"ಏನಾಗ್ಬೇಕೀಗ ಅದಕ್ಕೆ?"

"ಒಬ್ಬೊಬ್ಬನಿಗೂ ಬೇರೆ ಹೆಸರು ಬೇಕಂತೆ. ಅಂಕಿ ಬೇಡ, ಕೆಲಸ ಬೇಡ, ಊರು ಬೇಡ. ಹೆಸರೇ ಬೇಕು."

"ಹೆಸರಿದ್ಯಲ್ಲ."

"ಅಬ್ರಾಮ್ ಅನ್ನೋದೇ ಒಂಬತ್ತು ಜನಕ್ಕೂ ಇರೋದು ಕಣೆ. ಮೂರು ದಿನದಿಂದ ಬಡ್ಕೋತಿದೀನಿ."

"ಅದಲ್ಲ. ನಾವು ಕರೆಯೋ ಹೆಸರು."

ಜಸ್ಟಿನಾ ತಿರುಗಿ ನೋಡಿದಳು. ನೆಟ್ಟಾ ಹೇಳಿದ್ದು ಅಡ್ಡಹೆಸರುಗಳನ್ನು. ಊರಲ್ಲಿ ಪ್ರತಿ ಗಂಡಸಿಗೂ ಒಂದುಂಟು. ಒಂಬತ್ತು ಅಬ್ರಾಮರ ನಡುವೆ ಊರು ಎಡವದೆ ನಡೆಯುತ್ತಿರುವುದೇ ಅವುಗಳಿಂದ. ಆದರೆ ಅವನ್ನು ಯಾರೂ ಎದುರಿಗೆ ಹೇಳುವುದಿಲ್ಲ, ಎಲ್ಲಿಯೂ ಬರೆಯುವುದಿಲ್ಲ. ತನ್ನ ಅಡ್ಡಹೆಸರು ಏನೆಂದು ತಿಳಿಯದೆ ಮನುಷ್ಯ ಹುಟ್ಟಿ, ಬಾಳಿ, ಮಣ್ಣಾಗುತ್ತಾನೆ. ಅವನ ಶವಸಂಸ್ಕಾರದ ಊಟದಲ್ಲಿ ಬನ್ನು ಮುರಿಯುತ್ತ ಜನ ಮೊದಲ ಸಲ ಅದನ್ನು ಗಟ್ಟಿಯಾಗಿ ಹೇಳುತ್ತಾರೆ.

"ಅದನ್ನ ಬರೆಯೋದಾ?"

"ಸತ್ತಿದಾರಲ್ಲ ಮಹರಾಯ್ತಿ. ಯಾರು ಬಂದು ಕೇಳ್ತಾರೆ? ಹಾಕು."

ಹಾಕಿದಳು. ಬೋಧಕ 'ಉದ್ದಪ್ರಾರ್ಥನೆ ಅಬ್ರಾಮ್' ಆದ. ಯಂತ್ರ ಒಪ್ಪಿಕೊಂಡಿತು. ಹಂದಿ ವೈದ್ಯ 'ಮೂಗು ಅಬ್ರಾಮ್' ಆದ. ಅದೂ ಒಪ್ಪಿಗೆ. ಪೆರಗ್ವೇ ಸುತ್ತಿದವನಿಗೆ 'ಸಾಲದ ಬೂಟು ಅಬ್ರಾಮ್', ವಂಶಾವಳಿ ಬರೆದವನಿಗೆ 'ಮಾವನ ಮನೆ ಅಬ್ರಾಮ್'. ಒಂದೊಂದು ಹೆಸರಿಗೂ ಒಂದು ಹಸಿರು ಗುರುತು ಬಿದ್ದು, ಒಬ್ಬೊಬ್ಬ ಅಬ್ರಾಮ್ ಹೊರಗೆ ಬಂದು ತನ್ನ ಪುಸ್ತಕದ ಜೊತೆ ನಿಂತ. ಒಂದು ಶತಮಾನದ ಕುಹಕವನ್ನು ಮಂಡೆಯಿಲ್ಲದ ಯಂತ್ರ ಗಂಭೀರವಾಗಿ ಬರೆದುಕೊಳ್ಳುತ್ತಿತ್ತು. ನೆಟ್ಟಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ಜಸ್ಟಿನಾಳೂ ನಕ್ಕಳು.

ಹನ್ನೊಂದೂವರೆಗೆ ಎಂಟು ಜನ ಮುಗಿದರು. ಉಳಿದದ್ದು ಒಬ್ಬ. 'ಹಳ್ಳದ ಜೇನು' ಇನ್ನೂ ಬೋಧಕನ ಹೊಟ್ಟೆಯಲ್ಲೇ ಇತ್ತು.

'ಜೇನು ಅಬ್ರಾಮ್' ಎಂದು ಹಾಕಿದಳು. ಯಂತ್ರ ಮತ್ತೆ ಅವನನ್ನು 'ಆತ್ಮದ ಜೇನು' ಎಂದು ಓದಿ ಬೋಧಕನ ಜೊತೆ ಸೇರಿಸಿತು. 'ಹಳ್ಳದ ಅಬ್ರಾಮ್' ಎಂದಳು. ಹಳ್ಳವೆಂದರೆ ಸ್ಥಳ, ಸ್ಥಳ ನಡೆಯುವುದಿಲ್ಲ. 'ಒಳ್ಳೆಯ ಅಬ್ರಾಮ್' ಎಂದಳು. 'ವಿಮರ್ಶೆ ಬರೆಯಲು ಕೆಳಗಿನ ಪೆಟ್ಟಿಗೆ ಬಳಸಿ' ಎಂದಿತು. ಹನ್ನೆರಡಕ್ಕೆ ಏಳು ನಿಮಿಷ ಇತ್ತು.

"ಅವನದ್ದೂ ಹಾಕು," ಎಂದಳು ನೆಟ್ಟಾ. ಅವಳ ನಗು ನಿಂತಿತ್ತು.

"ಆಗಲ್ಲ."

"ಹಾಕ್ದಿದ್ರೆ ಪುಸ್ತಕ ಹೋಯ್ತು."

"ಅವನು ಬದುಕಿದಾನೆ ನೆಟ್ಟಾ. ಪ್ರತಿ ಬುಧವಾರ ಬಂದು ಇದೇ ಪುಟ ನೋಡ್ತಾನೆ."

"ನೋಡ್ಲಿ. ಅದರಲ್ಲೇನಿದೆ ಅಂಥಾದ್ದು? ನೀನು ಹಿಂದೇಟು ಹಾಕ್ತಿರೋದು ಅವನಿಗೋಸ್ಕರನೋ ನಿನಗೋಸ್ಕರನೋ? ಆ ಹೆಸರು ಹುಟ್ಟಿದ್ದೇ ನಿನ್ನಿಂದ."

ಅದು ನಿಜ. ಅಬ್ರಾಮನ ಅಡ್ಡಹೆಸರು 'ನಾಳೆ ಅಬ್ರಾಮ್'. ಐವತ್ತೈದು ವರ್ಷಗಳ ಹಿಂದೆ, ನಾಲ್ಕು ವರ್ಷ, ಪ್ರತಿ ಭಾನುವಾರ ಚರ್ಚು ಬಿಟ್ಟ ಮೇಲೆ ಅವನು ಜಸ್ಟಿನಾಳ ಅಪ್ಪನ ಟ್ರಕ್ಕಿನ ಪಕ್ಕ ಬಂದು ನಿಲ್ಲುತ್ತಿದ್ದ. ಹವೆಯ ಬಗ್ಗೆ ಒಂದು ಮಾತಾಡಿ ಹೋಗುತ್ತಿದ್ದ. ಮದುವೆಗೆ ಕೇಳಬೇಕೆಂದಿದ್ದೇನೆ ಎಂದು ಅವಳ ಅಣ್ಣನ ಹತ್ತಿರ ಮಾತ್ರ ಬಾಯಿಬಿಟ್ಟಿದ್ದ. ಯಾವಾಗ ಕೇಳ್ತೀಯೋ ಎಂದರೆ, ನಾಳೆ. ಅಣ್ಣನ ಬಾಯಿಂದ ಅದು ಊರಿನ ಬಾಯಿಗೆ ಬಂತು. ಹೆನ್ರಿ ಕ್ಲಿಪ್ಪೆನ್‌ಸ್ಟೈನ್ ಒಂದು ಮಂಗಳವಾರ ಬಂದು ನೇರವಾಗಿ ಕೇಳಿದ, ಅವಳು ಹೂಂ ಅಂದಳು. ಹೆನ್ರಿ ಒಳ್ಳೆಯ ಮನುಷ್ಯನಾಗಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಅಬ್ರಾಮನ ವಿಷಯ ತನಗೆ ಗೊತ್ತಿತ್ತೆಂದು ಜಸ್ಟಿನಾ ಅಬ್ರಾಮನಿಗೆ ಎಂದೂ ತೋರಿಸಿಕೊಟ್ಟಿರಲಿಲ್ಲ.

ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಅವಳು ಬರೆದಳು. ನಾಳೆ ಅಬ್ರಾಮ್ ಹೀಬರ್ಟ್. ಹಸಿರು ಗುರುತು ಬಿತ್ತು. ಬೋಧಕನ ಹೊಟ್ಟೆಯಿಂದ 'ಹಳ್ಳದ ಜೇನು' ಹೊರಗೆ ಬಂತು, ತನ್ನ ಮನೆಗಳನ್ನೆಲ್ಲ ಕರೆದುಕೊಂಡು ಬಂತು. ಕೂಡಲೇ ಆ ಹೆಸರನ್ನು ಅಳಿಸಿ ಬೇರೇನಾದರೂ ಹಾಕೋಣವೆಂದು ಅವಳು ಗುಂಡಿ ಒತ್ತಿದಳು. ಪುಟ ತಿರುಗಿತು, ತಿರುಗಿತು, ಗೂಬೆ ಬಂದು ರೆಕ್ಕೆ ಬಡಿಯಿತು. ಗೂಬೆ ಹೋದಾಗ ಹನ್ನೆರಡು ದಾಟಿತ್ತು. ತಿದ್ದುವ ಗುಂಡಿ ಇದ್ದ ಜಾಗದಲ್ಲಿ ಒಂದು ಹೃದಯವಿತ್ತು.

ಅವಳು ಟಿಲ್ಲಿಗೆ ಹದಿನಾರು ಸಲ ಬರೆದಳು. ಇನ್ನೆರಡು ಪದಕ ಬಂದವು.

ಬುಧವಾರ ಅಬ್ರಾಮ್ ಬಂದ. ಟೋಪಿ ತೆಗೆದ. ಕಂಪ್ಯೂಟರ್ ಸರಿಹೋಯ್ತಾ ಎಂದು ಕೇಳಿದ. ಸರಿಹೋಗಿಲ್ಲ ಅನ್ನೋಣವೆಂದು ಜಸ್ಟಿನಾ ಬಾಯಿ ತೆರೆದಳು. ಆದರೆ ಮುಂದಿನ ಬುಧವಾರವೂ ಅವನು ಬರುತ್ತಾನೆ, ಅದರ ಮುಂದಿನದಕ್ಕೂ ಬರುತ್ತಾನೆ. ಪರದೆಯನ್ನು ಅವನ ಕಡೆ ತಿರುಗಿಸಿದಳು. ನೆಟ್ಟಾ ಅಂಟಿನ ಡಬ್ಬಿ ಎತ್ತಿಕೊಂಡು ಮೇಲಕ್ಕೆ ಹೊರಟುಹೋದಳು.

ಅವನು ಮೂಗು ಪರದೆಗೆ ತಾಗುವಷ್ಟು ಬಾಗಿದ. "ಹದಿನೈದು," ಎಂದ. "ಒಂದು ಜಾಸ್ತಿಯಾಗಿದೆ ನೋಡು." ಸ್ವಲ್ಪ ಹೊತ್ತು ಸುಮ್ಮನೆ ಖುಷಿಪಟ್ಟ. ಆಮೇಲೆ ಬೆರಳು ಮೇಲಕ್ಕೆ ಹೋಯಿತು.

"ಇದೇನಿದು, ಬೇರೆಯವನ ಹೆಸರು ಹಾಕಿದಾರೆ ನನ್ನ ಪುಸ್ತಕಕ್ಕೆ."

ಜಸ್ಟಿನಾ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದಳು.

"ನಾಳೆ ಅಬ್ರಾಮ್ ಹೊಳೆಯಾಚೆ ಕಡೆಯವನು. ನಿನಗೆ ಗೊತ್ತಿಲ್ವಾ? ಅವನೆಲ್ಲಿ ಪುಸ್ತಕ ಬರೆದ?"

"ಹೊಳೆಯಾಚೆಯವನಾ? ಯಾರು ಹೇಳಿದ್ದು ನಿನಗೆ?"

"ಕ್ಷೌರದಂಗಡೀಲಿ. ಬಹಳ ಹಿಂದೆ. ನಾನು ಒಳಗೆ ಹೋದಾಗ ನಾಳೆ ಅಬ್ರಾಮ್ ಅಂತ ಏನೋ ಹೇಳಿ ನಗ್ತಿದ್ರು. ಯಾವ ಅಬ್ರಾಮ್ ಅಂತ ಕೇಳಿದೆ. ನೀನಲ್ಲಪ್ಪ, ಹೊಳೆಯಾಚೆ ಒಬ್ಬ ಇದಾನೆ ಅಂದ್ರು. ಪೂರ್ತಿ ಕತೆ ಹೇಳಿದ್ರು." ಅವನು ಕುರ್ಚಿ ಎಳೆದುಕೊಂಡು ಕೂತ. "ಪಾಪ, ಒಬ್ಬ ಹುಡುಗೀನ ಕೇಳ್ಬೇಕು ಅಂತ ವರ್ಷಗಟ್ಟಲೆ ಓಡಾಡಿದ್ನಂತೆ. ಬಾಯೇ ಬರ್ಲಿಲ್ವಂತೆ. ಅಷ್ಟರಲ್ಲಿ ಬೇರೆ ಯಾರೋ ಬಂದು ಕೇಳ್ಕೊಂಡು ಹೋದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇದ್ರೆ ಅನುಮಾನ ಬರುತ್ತಲ್ಲ."

"ಅಬ್ರಾಮ್."

"ಆದ್ರೆ ನಿಜ ಹೇಳ್ಲಾ ಜಸ್ಟಿನಾ, ನನಗೆ ಅವತ್ತು ಎಷ್ಟು ಹಗುರ ಆಯ್ತು ಗೊತ್ತಾ. ನಾನೊಬ್ಬನೇ ಏನೂ ಅಲ್ಲ, ನನ್ನಂಥವನು ಇನ್ನೊಬ್ಬ ಇದಾನೆ, ಅದೂ ನನ್ನ ಹೆಸರಿನವನೇ ಅಂತ. ಚಳಿಗಾಲದಲ್ಲಿ ಒಬ್ಬನೇ ಕೂತಾಗೆಲ್ಲ ಅವನನ್ನ ನೆನೆಸ್ಕೋತೀನಿ. ಅವನೂ ಹೀಗೇ ಕೂತಿರ್ತಾನೆ ಅಂತ. ಒಂದು ದಿನ ಹೋಗಿ ಮಾತಾಡಿಸ್ಬೇಕು ಅಂತಿದೀನಿ, ಇನ್ನೂ ಆಗಿಲ್ಲ."

ತಾನು ಯಾವ ವಿಷಯದಲ್ಲಿ ಅವನಂಥವನು ಎಂದು ಅಬ್ರಾಮ್ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಹನ್ನೊಂದು ವರ್ಷ ಅಬ್ರಾಮರನ್ನು ಬೇರೆ ಬೇರೆ ಮಾಡಿಟ್ಟವಳು ಅವಳು. ಇಬ್ಬರನ್ನು ಒಂದು ಮಾಡುವ ಕೆಲಸ ಯಾವತ್ತೂ ಇಷ್ಟಪಟ್ಟವಳಲ್ಲ. ಅದನ್ನು ಟಿಲ್ಲಿಯಂಥವುಗಳಿಗೆ ಬಿಟ್ಟಿದ್ದಳು. ಈಗ ಶೆಲ್ಫೋರಾದ ಮೇಲಿನ ಸಿಟ್ಟು, ಅಣ್ಣನ ಮೇಲಿನ ಸಿಟ್ಟು, ಕ್ಷೌರದಂಗಡಿಯ ಮೇಲಿನ ಸಿಟ್ಟು, ಟ್ರಕ್ಕಿನೊಳಗೆ ಕೂತು ಎಲ್ಲ ಗೊತ್ತಿದ್ದೂ ಕಿಟಕಿಯ ಗಾಜು ಇಳಿಸದ ಇಪ್ಪತ್ತೊಂದರ ಹುಡುಗಿಯ ಮೇಲಿನ ಸಿಟ್ಟು, ಎಲ್ಲ ಸೇರಿ ಕಣ್ಣಿಗೆ ಬಂತು. ಸುಳ್ಳು ಹೇಳಬಹುದಿತ್ತು. ಯಂತ್ರದ ತಪ್ಪು ಎಂದರೆ ಅವನು ಸುಲಭವಾಗಿ ನಂಬುತ್ತಿದ್ದ.

"ಹೊಳೆಯಾಚೆ ಯಾರೂ ಇಲ್ಲ ಅಬ್ರಾಮ್," ಎಂದಳು. "ಒಬ್ಬನೇ ಇರೋದು. ನೀನೇ."

ಅವನು ಪರದೆಯ ಮೇಲಿನ ಹೆಸರನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದ. "ಹಾಗಾದ್ರೆ ನಿನಗೆ ಗೊತ್ತಿತ್ತು," ಎಂದ.

"ಗೊತ್ತಿತ್ತು."

"ಆವಾಗ್ಲೇ?"

"ಆವಾಗ್ಲೇ."

ಅವನು ತಲೆಯಾಡಿಸಿದ. ಹೊಳೆಯಾಚೆಯ ಆ ಮನುಷ್ಯ ಇವತ್ತೇ ತೀರಿಕೊಂಡನೆಂಬ ಸುದ್ದಿ ಕೇಳಿದವನಂತೆ, ಮಡಿಲಲ್ಲಿದ್ದ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. ಜಸ್ಟಿನಾ ಪರದೆಯನ್ನು ಆರಿಸಿ ತನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.